ಹೆವಿ ಮೆಟಲ್ ರಿದಮ್‌ಗೆ ಇಎಂಜಿ 81 ಹಾಕಿಸಲೇ, ಇರುವ ಸೀಮೋರ್ ಡಂಕನ್ ಜೆಬಿಯನ್ನೇ ಇಟ್ಟುಕೊಳ್ಳಲೇ?

ಸೆಕೆಂಡ್ ಹ್ಯಾಂಡ್ ಗಿಟಾರ್, ಬ್ರಿಜ್‌ನಲ್ಲಿ (ತಂತಿಗಳು ಕೊನೆಗೊಳ್ಳುವ ಬದಿಯಲ್ಲಿ) ಜೆಬಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ), ಬೆನ್ನಿನಲ್ಲಿ ಖಾಲಿ ಬ್ಯಾಟರಿ ಗೂಡು, ಪಾಮ್ ಮ್ಯೂಟ್ ಮಾಡಿದರೆ (ಅಂಗೈಯಂಚು ತಂತಿಗೆ ಒತ್ತಿ ನುಡಿಸಿದರೆ) ದಪ್ಪ ತಂತಿಯ ಸದ್ದು ಕೆಸರಿನಲ್ಲಿ ಕಾಲಿಟ್ಟ ಹಾಗೆ ಎಂದು ಬರೆದಿದ್ದೀರಿ. ಆ ಖಾಲಿ ಬ್ಯಾಟರಿ ಗೂಡಿನ ಮಾತು ಓದಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಜೆಬಿಗೆ ಬ್ಯಾಟರಿ ಬೇಡ; ಹಾಗಾದರೆ ಮೊದಲು ಅಲ್ಲಿ ಬ್ಯಾಟರಿ ಬೇಡುವ ಬೇರೆ ಪಿಕಪ್ ಇದ್ದಿರಬೇಕು. ಪಿಕಪ್ ಕೊಳ್ಳಬೇಡಿ. ಈ ತಿಂಗಳಂತೂ ಬೇಡವೇ ಬೇಡ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನು ತುಮಕೂರಿನಿಂದ ಬಂದು ಜನಸಾಗರದ ಕೊನೆಯಲ್ಲಿ ನಿಂತಿದ್ದೆ. ಜೇಮ್ಸ್ ಹೆಟ್‌ಫೀಲ್ಡ್ ಅವರ ಬಲಗೈ ಹೊಮ್ಮಿಸಿದ ಆ ಬಿಗಿಯಾದ ರಿದಮ್ ಎದೆಗೆ ತಾಗಿದ್ದು ಇವತ್ತಿಗೂ ನೆನಪಿದೆ. ಅವರು ಬಹುಕಾಲ ನೆಚ್ಚಿಕೊಂಡಿದ್ದು ಬ್ರಿಜ್‌ನಲ್ಲಿ ಇಎಂಜಿ 81, ನೆಕ್‌ನಲ್ಲಿ (ಗಿಟಾರಿನ ಕತ್ತಿನ ಬದಿಯಲ್ಲಿ) ಇಎಂಜಿ 60. ಕೆಲವೇ ವಾರಗಳಲ್ಲಿ ಅದೇ ಜೋಡಿ ಇರುವ ಹಳೆಯ ಗಿಟಾರೊಂದನ್ನು ಕೂಡಿಟ್ಟ ದುಡ್ಡಿನಲ್ಲಿ ಕೊಂಡೆ. ಚೆನ್ನಾಗಿಯೇ ಇತ್ತು. ಆದರೆ ಕಾಲೇಜು ಉತ್ಸವವೊಂದರಲ್ಲಿ ಎರಡನೆಯ ಹಾಡಿಗೇ 9 ವೋಲ್ಟ್ ಬ್ಯಾಟರಿ ಕೈಕೊಟ್ಟಿತು. ಸದ್ದು ಮೊದಲು ಒಡೆಯಿತು, ಆಮೇಲೆ ಕ್ಷೀಣಿಸಿತು. ತಪ್ಪು ನನ್ನದೇ. ಇಎಂಜಿಯಂಥ ಆಕ್ಟಿವ್ ಪಿಕಪ್, ಅಂದರೆ ಬ್ಯಾಟರಿಯಿಂದ ನಡೆಯುವ ಪಿಕಪ್, ಇರುವ ಗಿಟಾರ್‌ಗೆ ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ನಾನು ವಾರವಿಡೀ ಕೇಬಲ್ ಕಿತ್ತಿರಲಿಲ್ಲ. ಅವಮಾನದ ಸಿಟ್ಟಿನಲ್ಲಿ ಎರಡೂ ಪಿಕಪ್‌ಗಳನ್ನು ಕಿತ್ತು ಮಾರಿ, ಜೆಬಿ ತರಿಸಿ, ನಾನೇ ಬೆಸುಗೆ ಹಾಕಿದೆ.

ಇಲ್ಲಿಂದ ನಿಧಾನವಾಗಿ ಓದಿ. ನನ್ನ ದುಡ್ಡು ಹೋಗಿದ್ದು ಇಲ್ಲಿಯೇ.

ನಾನು ಬದಲಿಸಿದ್ದು ಪಿಕಪ್ ಮಾತ್ರ. ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಕೆಳಗಿರುವ ಪಾಟ್‌ಗಳನ್ನು, ಅಂದರೆ ತಿರುಗಿಸಿದಂತೆ ರೋಧ ಬದಲಾಗುವ ಬಿಡಿಭಾಗಗಳನ್ನು, ಹಾಗೆಯೇ ಬಿಟ್ಟೆ. ಆಕ್ಟಿವ್ ಪಿಕಪ್‌ನ ಒಳಗೆ ಸಂಕೇತವನ್ನು ಹಿಗ್ಗಿಸುವ ಸಣ್ಣದೊಂದು ಪ್ರೀಆಂಪ್ ಇರುತ್ತದೆ, ಅದರ ಜೊತೆ 25 ಕಿಲೋ ಓಮ್ ಪಾಟ್ ಹಾಕುತ್ತಾರೆ. ಜೆಬಿಯಂಥ ಪ್ಯಾಸಿವ್ (ಬ್ಯಾಟರಿ ಇಲ್ಲದ) ಹಂಬಕರ್‌ಗೆ, ಅಂದರೆ ಎರಡು ಸುರುಳಿಯ ಪಿಕಪ್‌ಗೆ, ಬೇಕಾದದ್ದು 500 ಕಿಲೋ ಓಮ್. ಇಪ್ಪತ್ತು ಪಟ್ಟು ಅಂತರ! ಜೆಬಿಯ ಸುರುಳಿಯ ರೋಧವೇ ಸುಮಾರು 16 ಕಿಲೋ ಓಮ್. ಅದರ ಮುಂದೆ 25 ಕಿಲೋ ಓಮ್ ಹೊರೆ ಇಟ್ಟರೆ ತಗ್ಗಿನ ಸ್ವರಗಳಲ್ಲಿಯೇ ನೂರಕ್ಕೆ ಅರವತ್ತು ಪಾಲು ಮಾತ್ರ ಆಂಪ್ ತಲುಪುತ್ತದೆ. ಎತ್ತರದ ಆವರ್ತನಗಳ ಪಾಡು ಇನ್ನೂ ಕೆಟ್ಟದ್ದು. ಸುರುಳಿ ತನ್ನ ಸ್ವಭಾವದಿಂದಲೇ ಅವನ್ನು ಹೆಚ್ಚು ತಡೆಯುತ್ತದೆ. ಪಾಟ್ ಚಿಕ್ಕದಾದಷ್ಟೂ ಅವು ಅಲ್ಲಿಯೇ ಸಾಯುತ್ತವೆ. ಪಿಕ್ ತಂತಿಗೆ ತಾಗಿದಾಗಿನ ಆ ‘ಟಕ್’ ಎಂಬ ಮೊನಚು ಇರುವುದು ಆ ಎತ್ತರದ ಆವರ್ತನಗಳಲ್ಲಿಯೇ. ಮೆಟಲ್ ರಿದಮ್‌ನಿಂದ ಆ ಮೊನಚನ್ನು ತೆಗೆದರೆ ಉಳಿಯುವುದು ಕಂಬಳಿ ಹೊದ್ದ ಗೊಣಗಾಟ.

ನಾನು ಪಾಟ್‌ಗಳನ್ನು ಅನುಮಾನಿಸಲೇ ಇಲ್ಲ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿದವನು ನಾನು, ಆದರೂ ಮಲ್ಟಿಮೀಟರ್ ಕೈಗೆತ್ತಿಕೊಳ್ಳಲಿಲ್ಲ. ಜೆಬಿಗೆ ಶಕ್ತಿ ಸಾಲದು ಎಂದು ತೀರ್ಮಾನಿಸಿ ಅದನ್ನು ಅರ್ಧ ಬೆಲೆಗೆ ಮಾರಿದೆ. ಸೆರಾಮಿಕ್ ಅಯಸ್ಕಾಂತದ, ಇನ್ನೂ ಹೆಚ್ಚು ಸುತ್ತುಗಳಿರುವ ಪಿಕಪ್ ತಂದೆ. ಸುತ್ತು ಹೆಚ್ಚಿದಷ್ಟೂ ಆ ಚಿಕ್ಕ ಪಾಟ್ ಟ್ರೆಬಲ್ ಅನ್ನು ಇನ್ನಷ್ಟು ನುಂಗುತ್ತದೆ. ಹೆಚ್ಚು ಖರ್ಚು ಮಾಡಿದೆ, ಹೆಚ್ಚು ಮಂಕಾಯಿತು. ಅದನ್ನು ಸರಿಪಡಿಸಲು ಆಂಪ್‌ನ ಗೇನ್ (ಸಂಕೇತವನ್ನು ಒಡೆಯುವಷ್ಟು ಹಿಗ್ಗಿಸುವ ಗುಂಡಿ) ಏರಿಸಿದೆ. ಆಗ ಗುಂಯ್ ಎನ್ನುವ ಸದ್ದೂ ಏರಿತು. ತಂತಿ ಮುಟ್ಟಿದರೂ ಅದು ತಗ್ಗುತ್ತಿರಲಿಲ್ಲ. ಅದಕ್ಕೂ ಪಿಕಪ್ಪನ್ನೇ ಬೈದೆ. ಹತ್ತಿರ ಹತ್ತಿರ ಒಂದು ವರ್ಷ, ಹದಿನೈದು ಸಾವಿರಕ್ಕೂ ಮೇಲೆ ಹಣ ಹೀಗೆ ಹೋಯಿತು. ಬ್ಯಾಂಡ್‌ನ ಡ್ರಮ್ಮರ್ ನನ್ನ ನುಡಿಸಾಣಿಕೆಯೇ ಸಡಿಲವಾಗಿದೆ ಎಂದಾಗ ನಾನು ಅದನ್ನೂ ನಂಬಿದ್ದೆ. ಆ ವರ್ಷದ ನಷ್ಟದಲ್ಲಿ ನನಗೆ ಹೆಚ್ಚು ನೋವು ಕೊಟ್ಟಿದ್ದು ಇದು.

ಕೊನೆಗೆ ಊರಿನ ಆರ್ಕೆಸ್ಟ್ರಾಗಳ ಆಂಪ್ಲಿಫೈಯರ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಒಯ್ದೆ. ಅವರು ಮೆಟಲ್ ಕೇಳಿದವರೇ ಅಲ್ಲ. ಹಿಂಬದಿಯ ಮುಚ್ಚಳ ಬಿಚ್ಚಿ, ಕನ್ನಡಕ ಮೇಲೆತ್ತಿ, “ಇಷ್ಟು ಕಡಿಮೆ ಓಮ್‌ನ ಪಾಟ್ ಏಕಪ್ಪಾ ಇಟ್ಟಿದ್ದೀಯ? ಬ್ರಿಜ್‌ಗೆ ಅರ್ಥ್ ವೈರ್ ಎಲ್ಲಿ?” ಎಂದರು. ಇಎಂಜಿ ಹಾಕುವಾಗ ತಂತಿಗಳಿಗೆ ಅರ್ಥ್ ಕೊಡುವುದಿಲ್ಲ, ಪ್ಯಾಸಿವ್ ಪಿಕಪ್‌ಗೆ ಅದು ಬೇಕು. ಗುಂಯ್ ಸದ್ದಿನ ಮೂಲ ಆ ವೈರ್ ಇಲ್ಲದ್ದೇ. ಮರುದಿನವೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. 500 ಸಿಗಲಿಲ್ಲ, 470 ಕಿಲೋ ಓಮ್ ಸಿಕ್ಕಿತು. ಕಿವಿಗೆ ಏನೂ ವ್ಯತ್ಯಾಸವಿಲ್ಲ. ಎರಡು ಪಾಟ್, ಒಂದು ಗೇಣು ವೈರ್. ಊಟದ ಖರ್ಚಿಗಿಂತ ಕಡಿಮೆ. ಆ ಸಂಜೆ ಮೊದಲ ಏಟಿಗೇ ಗಿಟಾರ್ ಬಾಯಿಬಿಟ್ಟು ಮಾತಾಡಿತು.

ಆದ್ದರಿಂದ ‘81 ಅಥವಾ ಜೆಬಿ’ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 81 ಒಳ್ಳೆಯ ಪಿಕಪ್. ವೇಗದ, ಚೊಕ್ಕ ರಿದಮ್‌ಗೆ ಅದರಷ್ಟು ಶಿಸ್ತಿನದು ಕಡಿಮೆ. ಜೆಬಿಯಲ್ಲಿ ಮಧ್ಯದ ಸ್ವರಗಳು ಮುಂದೆ ಬರುತ್ತವೆ, ಇನ್ನೊಂದು ಗಿಟಾರ್ ಇರುವ ಬ್ಯಾಂಡ್‌ನಲ್ಲಿ ಅದು ವರವೇ. ಎರಡರಲ್ಲೂ ಮೆಟಲ್ ನುಡಿಸಬಹುದು. 1970ರಲ್ಲಿ ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ ಗಿಟಾರ್ ವಾದಕ ಟೋನಿ ಅಯೋಮಿ ಈ ಸಂಗೀತಕ್ಕೆ ತಳಪಾಯ ಹಾಕಿದ್ದು ಪಿ-90 ಬಗೆಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗಳಲ್ಲಿ. ಬ್ಯಾಟರಿ ಇಲ್ಲ, ಹಂಬಕರ್ ಕೂಡ ಅಲ್ಲ. ಇನ್ನು ಧ್ವನಿಮುದ್ರಿಕೆಗಳಲ್ಲಿ ಕೇಳುವ ಆ ಗೋಡೆಯಂಥ ಸದ್ದು ಸಾಮಾನ್ಯವಾಗಿ ಒಂದು ಗಿಟಾರಿನದಲ್ಲ. ಒಂದೇ ರಿಫ್ (ಮರುಕಳಿಸುವ ಸ್ವರಗುಚ್ಛ) ಅನ್ನು ಎರಡು, ಕೆಲವೊಮ್ಮೆ ನಾಲ್ಕು ಬಾರಿ ನುಡಿಸಿ ಎಡಬಲಕ್ಕೆ ಹಂಚಿರುತ್ತಾರೆ. ಕೋಣೆಯಲ್ಲಿ ಒಬ್ಬರೇ ಕುಳಿತು ಅದನ್ನು ಪಿಕಪ್‌ನಿಂದ ಬಯಸಬೇಡಿ.

ಪಾಟ್ ಸರಿಯಾದ ಮೇಲೂ ಕೆಸರು ಉಳಿದರೆ ಗೇನ್ ಅನ್ನು ಈಗಿರುವುದಕ್ಕಿಂತ ಕಾಲು ಭಾಗ ಇಳಿಸಿ. ಕೊನೆಯ ಫ್ರೆಟ್ ಒತ್ತಿ ಹಿಡಿದಾಗ ತಂತಿಗೂ ಬ್ರಿಜ್ ಪಿಕಪ್‌ಗೂ ಸುಮಾರು 2 ಮಿಲಿಮೀಟರ್ ಅಂತರವಿರಲಿ. ಹೊಸ ತಂತಿ ಹಾಕಿ. ಆಂಪ್‌ನ ಮುಂದೆ ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್ (ಕಾಲಿನಿಂದ ಒತ್ತುವ, ಸದ್ದು ಬದಲಿಸುವ ಪೆಟ್ಟಿಗೆ) ಇಟ್ಟು, ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿ ಮೇಲಕ್ಕೆ ತಿರುಗಿಸಿ. ಅದು ತಗ್ಗಿನ ಸ್ವರಗಳನ್ನು ಕತ್ತರಿಸಿ ಕೊಡುವ ಬಿಗಿತವನ್ನು ಯಾವ ಪಿಕಪ್ಪೂ ಕೊಡಲಾರದು.

ಈಗ ಮಾಡಬೇಕಾದದ್ದು ಇಷ್ಟು: ಸ್ಕ್ರೂಡ್ರೈವರ್ ತೆಗೆದುಕೊಂಡು ಹಿಂದಿನ ಮುಚ್ಚಳ ಬಿಚ್ಚಿ, ಪಾಟ್‌ಗಳ ಮೇಲೆ 25 ಎಂದಿದೆಯೋ 500 ಎಂದಿದೆಯೋ ನೋಡಿ, ಬ್ರಿಜ್‌ನ ಅರ್ಥ್ ವೈರ್ ಇದೆಯೋ ನೋಡಿ. ಎರಡರ ಚಿತ್ರವನ್ನೂ ಇಲ್ಲಿ ಹಾಕಿ, ನಾನು ರಾತ್ರಿ ನೋಡುತ್ತೇನೆ.