ಉತ್ತರ: ಹೈರೈಡರ್ ಹೈಬ್ರಿಡ್‌ಗೆ 225/65 ಎ.ಟಿ. ಟೈರ್ ಹಾಕಬಹುದಾ?

ಬೇಡ ಮಾರಾಯ್ರೆ. ಶಿರಸಿ-ಕುಮಟಾ ಓಡಾಟಕ್ಕೆ ಗ್ರಿಪ್ ಬೇಕು ಅಂತ ಟೊಯೋಟಾ ಹೈರೈಡರ್ ಕಾರಿಗೆ 225/65 ಆರ್17 ಎ.ಟಿ. (ಆಲ್-ಟೆರೇನ್, ಅಂದರೆ ಕಚ್ಚಾ ದಾರಿಗೂ ಆಗುವ) ಟೈರ್, ಅದೂ ಎರಡೇ, ಅದೂ ಮುಂದಕ್ಕೆ ಅಂತ ಬರೆದಿದ್ದೀರಿ. ದಪ್ಪ ಟೈರಿನ ಆಸೆಗೆ ನಾನೂ ಒಮ್ಮೆ ಕೈ ಸುಟ್ಟುಕೊಂಡವನೇ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಂಪನಿ ಸೈಜು 215/60 ಆರ್17, ಹೊರವ್ಯಾಸ ಸುಮಾರು 690 ಮಿ.ಮೀ. ನೀವು ಹೇಳಿದ್ದು 724. ಅಂದರೆ ಶೇ. 5 ದೊಡ್ಡದು. 100 ಕಿ.ಮೀ. ಓಡಿದರೆ ಮೀಟರ್ 95 ಬರೆಯುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ಗೆ ಉಜ್ಜಿದರೂ ಆಶ್ಚರ್ಯವಿಲ್ಲ. ದೊಡ್ಡ ಪೆಟ್ಟು ಬೀಳುವುದು ಮೈಲೇಜಿಗೆ. ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ-ಮೋಟಾರೂ ಇರುವ ಹೈಬ್ರಿಡ್‌ನ ಉಳಿತಾಯವೆಲ್ಲ ಇಂಜಿನ್ ಬಂದ್ ಆಗಿ ಗಾಡಿ ಸುಮ್ಮನೆ ಉರುಳುವ ಹೊತ್ತಿನದು. ಟೈರ್ ಎಳೆದು ಹಿಡಿದರೆ 40-50ರ ಸ್ಪೀಡಿನಲ್ಲೂ ಪದೇ ಪದೇ ಇಂಜಿನ್ ಸ್ಟಾರ್ಟ್ ಆಗುತ್ತದೆ. ಬ್ರೇಕ್ ಹಿಡಿದಾಗ ಬ್ಯಾಟರಿಗೆ ವಾಪಸ್ ಹೋಗಬೇಕಾದ್ದರಲ್ಲಿ ಒಂದು ಪಾಲು ಟೈರನ್ನು ಬಿಸಿ ಮಾಡುವುದಕ್ಕೇ ಖರ್ಚು. ಇಂಜಿನ್ ಸದ್ದಿಲ್ಲದ ಗಾಡಿಯಲ್ಲಿ ಆ ಗುಂಯ್ ಅನ್ನುವ ಟೈರ್ ಸದ್ದು ಎಷ್ಟು ತಲೆ ತಿನ್ನುತ್ತದೆ ಅಂತ ಹಾಕಿದ ಮೇಲೇ ಗೊತ್ತಾಗುವುದು.

ಗ್ರಿಪ್ ಅಂದಿರಲ್ಲ, ಎ.ಟಿ. ಟೈರಿನ ಗ್ರಿಪ್ ಕೆಸರಿಗೆ, ಸಡಿಲ ಮಣ್ಣಿಗೆ. ದೇವಿಮನೆ ಘಟ್ಟದ ಒದ್ದೆ ಡಾಂಬರಿನ ತಿರುವಿನಲ್ಲಿ ಒಳ್ಳೆ ರೋಡ್ ಟೈರ್ ಹಿಡಿಯುವಷ್ಟು ಅದು ಹಿಡಿಯುವುದಿಲ್ಲ. ತೋಟಕ್ಕೆ ಇಳಿಯುವ ಇನ್ನೂರು ಮೀಟರ್ ಚಿರೆಕಲ್ಲು ದಾರಿಗಾಗಿ ಉಳಿದ ರಸ್ತೆಯನ್ನೆಲ್ಲ ಬಲಿ ಕೊಡಬೇಡಿ.

215/60 ಆರ್17ನ್ನೇ ತೆಗೆದುಕೊಳ್ಳಿ. ಲೋಡ್ ಇಂಡೆಕ್ಸ್ 96, ಅಂದರೆ ಒಂದು ಟೈರಿಗೆ 710 ಕೆ.ಜಿ. ಬ್ಯಾಟರಿ ಭಾರ ಇರುವ ಗಾಡಿ, ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುವುದಕ್ಕಿಂತ ಕೆಳಗಿನ ನಂಬರ್ ಅಗ್ಗಕ್ಕೆ ಸಿಕ್ಕಿದರೂ ಬೇಡ. ಹಳೆ ಟೈರಿನ ಹೆಸರೇ ಹೇಳಿ ತಂದರೆ ಅದೇ ಸಿಕ್ಕಿತು ಅಂತಲೂ ತಿಳಿಯಬೇಡಿ. ಕಾರಿನ ಫ್ಯಾಕ್ಟರಿಗೆ ಕೊಟ್ಟ ಟೈರೂ ಅಂಗಡಿಯ ಟೈರೂ ಹೆಸರಿನಲ್ಲಿ ಒಂದೇ ಇದ್ದು ರಬ್ಬರಿನಲ್ಲಿ ಬೇರೆ ಇರಬಹುದು. ಯುರೋಪಿನ ಲೇಬಲ್ ಅಂಟಿದ್ದರೆ ಓದಿ: ಪೆಟ್ರೋಲ್ ಪಂಪಿನ ಚಿತ್ರದ ಸಾಲು ಮೈಲೇಜಿಗೆ, ಮಳೆ ಚಿತ್ರದ್ದು ಒದ್ದೆ ಹಿಡಿತಕ್ಕೆ, ಎರಡರಲ್ಲೂ 'ಎ' ಉತ್ತಮ, 'ಇ' ಕೊನೆ. ನಮ್ಮ ಮಳೆಗೆ ನಾನು ಎರಡನೇ ಸಾಲನ್ನೇ ಮೊದಲು ನೋಡುವುದು. ಮಿಶೆಲಿನ್ ಪ್ರೈಮಸಿ ಸದ್ದಿಗೂ ಒದ್ದೆಗೂ ನನ್ನ ಮೊದಲ ಆಯ್ಕೆ, ಕಾಸು ಬಿಚ್ಚಬೇಕು. ಯೊಕೊಹಾಮಾ ಬ್ಲೂಅರ್ಥ್ ಅದರ ಹಿಂದೆಯೇ. ಅಪೋಲೊ, ಸಿಯೆಟ್ ಕೂಡ ಕೆಟ್ಟದ್ದಲ್ಲ. ಹೆಸರೇ ಕೇಳಿರದ ಅಗ್ಗದ ಆಮದು ಟೈರ್ ಮಾತ್ರ ಘಟ್ಟ ಇಳಿಯುವವರಿಗೆ ಬೇಡ.

ಹಾಗೇ, ಹೊಸ ಟೈರ್ ಹಾಕಿದ ವಾರಕ್ಕೇ "ಮೈಲೇಜ್ ಬಿತ್ತು" ಅಂತ ಗುಂಪಿನಲ್ಲಿ ಅಳಬೇಡಿ. ಸವೆದ ಟೈರ್ ಹಗುರವಾಗಿ ಉರುಳುತ್ತದೆ, ಹೊಸದರ ದಪ್ಪ ರಬ್ಬರ್ ಸ್ವಲ್ಪ ಎಳೆಯುತ್ತದೆ. ಎರಡು ಸಾವಿರ ಕಿ.ಮೀ. ಆದ ಮೇಲೆ ಲೆಕ್ಕ ಹಾಕಿ.

ಎರಡೇ ಹಾಕುವುದಾದರೆ ಹೊಸದು ಹಿಂದಕ್ಕೆ. ಅಂಗಡಿಯವರು ಮುಂದಕ್ಕೇ ಹಾಕಲು ನೋಡುತ್ತಾರೆ, ಒಪ್ಪಬೇಡಿ. ಮುಂದಿನದು ನೀರಿನ ಮೇಲೆ ತೇಲಿದರೆ ಸ್ಟೇರಿಂಗ್ ಹಗುರವಾಗಿ ಗೊತ್ತಾಗುತ್ತದೆ, ಹಿಂದಿನದು ತೇಲಿದರೆ ಗಾಡಿಯೇ ತಿರುಗಿ ನಿಲ್ಲುತ್ತದೆ. ಟೈರಿನ ಗೀರುಗಳ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ., ಆದರೆ ನಮ್ಮ ಕಡೆ 3 ಮಿ.ಮೀ.ಗೆ ಬಂದದ್ದನ್ನು ಮಳೆಗಾಲಕ್ಕೆ ಒಯ್ಯಬೇಡಿ.

ಟೈರಿನ ಪಕ್ಕದಲ್ಲಿ ಅಚ್ಚಾದ, ತಯಾರಾದ ವಾರದ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಬೇಡಿ: 2325 ಅಂದರೆ 2025ರ 23ನೇ ವಾರ. ನಾಲ್ಕು ಟೈರಿಗೂ ಬೇರೆ ಬೇರೆ ಇರಬಹುದು, ನಾಲ್ಕನ್ನೂ ಓದಿ. ಟೈರಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18. ಮಡಗಾಂವ್, ಹುಬ್ಬಳ್ಳಿ ರೇಟು ಕೇಳುವಾಗ ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್ ಸೇರಿಸಿಯೇ ಕೇಳಿ.

ಫಿಟ್ಟಿಂಗ್ ಹೊತ್ತಿಗೆ ಡ್ಯಾಶ್‌ಬೋರ್ಡಿನ 'ರೆಡಿ' ದೀಪ ಆರಿದೆಯಾ ನೋಡಿ, ಕೀ ದೂರ ಇಟ್ಟುಕೊಳ್ಳಿ. ಸದ್ದಿಲ್ಲ ಅಂತ ಆಫ್ ಅಂದುಕೊಂಡು ಜ್ಯಾಕ್ ಹಾಕಿದರೆ ಇಂಜಿನ್ ತಾನಾಗಿ ಸ್ಟಾರ್ಟ್ ಆಗಬಹುದು. ಜ್ಯಾಕ್ ಪಾಯಿಂಟ್ ಬಿಟ್ಟು ಬೇರೆಡೆ ಎತ್ತುವುದು ಬೇಡ. ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ ಹತ್ತಿರ ಕೈ ಹಾಕಿಸಬೇಡಿ. ಟಿ.ಪಿ.ಎಂ.ಎಸ್. (ಟೈರಿನ ಗಾಳಿ ಎಷ್ಟಿದೆ ಅಂತ ತೋರಿಸುವ ಸೆನ್ಸರ್) ಇದ್ದರೆ ಟೈರ್ ಬಿಚ್ಚುವ ಮೊದಲೇ ಹೇಳಿ, ಇಲ್ಲವಾದರೆ ಸೆನ್ಸರ್ ಮುರಿದು ಕೈಗೆ ಬರಬಹುದು. ನಟ್ಟಿಗೆ ಏರ್‌ಗನ್ ಮಾತ್ರ ಸಾಲದು, ಕೊನೆಗೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ರೆಂಚ್. ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿದೆ. ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಕೇಳಿ. ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ, ಸ್ಟಿಕ್ಕರ್‌ನಲ್ಲಿದ್ದಷ್ಟು. ಮೈಲೇಜಿಗೆ ಅಂತ 40 ಪಿ.ಎಸ್.ಐ. ತುಂಬಿಸಿಕೊಳ್ಳುವವರಿದ್ದಾರೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ.

ಚಕ್ರ ಬಿಚ್ಚಿದಾಗ ಬ್ರೇಕ್ ಡಿಸ್ಕ್ ನೋಡಿ. ಮೋಟಾರೇ ಬ್ರೇಕಿನ ಕೆಲಸ ಮಾಡುವುದರಿಂದ ಪ್ಯಾಡ್ ಸವೆಯುವುದು ಕಡಿಮೆ, ಕಾರವಾರದ ಉಪ್ಪು ಗಾಳಿಗೆ ತುಕ್ಕು ಹಿಡಿಯುವುದು ಜಾಸ್ತಿ. ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ನಿಗೆ ಗ್ರೀಸ್ ಹಚ್ಚಿಸಿ. ಘಟ್ಟ ಇಳಿಯುವಾಗ ಬ್ಯಾಟರಿ ತುಂಬಿದ ಮೇಲೆ ಮೋಟಾರ್ ಬ್ರೇಕಿಂಗ್ ಸಿಗುವುದಿಲ್ಲ, ಆಗ ಗೇರ್ ಲಿವರನ್ನು ಇಂಜಿನ್ ಬ್ರೇಕಿಂಗ್ ಕೊಡುವ 'ಬಿ'ಗೆ ಹಾಕಿ.

ಹಳೆ ಟೈರ್ ಮನೆಗೆ ತರುವುದಾದರೆ ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಹೋಗುವ ಕಿಂಡಿ ಇದ್ದರೆ ಅದಕ್ಕೆ ಅಡ್ಡ ಇಡಬೇಡಿ.