‘-ಎನ್’ಗೆ ಸಂಖ್ಯೆ ಕೊಡದಿದ್ದರೂ ಸಿ ಪ್ರೋಗ್ರಾಂ ಯಾಕೆ ಸುಮ್ಮನಿರುತ್ತದೆ?

ಫೈಲಿನ ಮೊದಲ ಕೆಲವು ಸಾಲು ತೋರಿಸುವ ನಿಮ್ಮ ಪ್ರೋಗ್ರಾಂನಲ್ಲಿ ಎಷ್ಟು ಸಾಲು ಎಂದು ಹೇಳುವ ಆಪ್ಶನ್ ‘-ಎನ್’. ಅದಕ್ಕೆ ಸಂಖ್ಯೆ ಕೊಡದೆ, ಇನ್ನೊಂದು ಆಪ್ಶನ್ ಆದ ‘-ವಿ’ ಸೇರಿಸಿ ‘-ಎನ್ -ವಿ’ ಎಂದು ಕೊಟ್ಟರೆ ಸಾಲೂ ಬರುವುದಿಲ್ಲ, ಎರರ್ರೂ ಬರುವುದಿಲ್ಲ ಎಂದಿದ್ದೀರಿ. ಆಪ್ಶನ್‌ಗಳನ್ನು ಓದಿಕೊಡುವ ಗೆಟ್‌ಆಪ್ಟ್ (getopt) ಫಂಕ್ಷನ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ತಪ್ಪಿರುವುದು ಅದಾದ ಮೇಲಿನ ಸಾಲಿನಲ್ಲಿ.

ಗೆಟ್‌ಆಪ್ಟ್‌ಗೆ ಆಪ್ಶನ್‌ಗಳ ಪಟ್ಟಿಯಾಗಿ ಕೊಡುವ ಆಪ್ಶನ್ ಸ್ಟ್ರಿಂಗಿನಲ್ಲಿ ಎನ್ ಆದಮೇಲೆ ಕೋಲನ್ ಇಟ್ಟಿದ್ದೀರಲ್ಲ, ‘ಇದಕ್ಕೊಂದು ವ್ಯಾಲ್ಯೂ ಬೇಕು’ ಎಂದಷ್ಟೇ ಅದರರ್ಥ. ಆ ವ್ಯಾಲ್ಯೂ ಸಂಖ್ಯೆಯೋ ಅಲ್ಲವೋ ಗೆಟ್‌ಆಪ್ಟ್ ನೋಡುವುದಿಲ್ಲ. ಕಮಾಂಡಿನಲ್ಲಿ ಟೈಪ್ ಮಾಡಿದ ಪದಗಳ ಪಟ್ಟಿಯಾದ ಆರ್ಗ್‌ವಿಯ (argv) 1ನೇ ಜಾಗದಲ್ಲಿ ‘-ಎನ್’ ಸಿಕ್ಕಿತು, 2ನೇ ಜಾಗದ ‘-ವಿ’ಯನ್ನೇ ಆಪ್ಶನ್ನಿನ ವ್ಯಾಲ್ಯೂ ಇರುವ ಆಪ್ಟ್‌ಆರ್ಗ್‌ಗೆ (optarg) ಕೊಟ್ಟು ಮುಂದೆ ಹೋಯಿತು. ಅಕ್ಷರಗಳನ್ನು ಸಂಖ್ಯೆ ಮಾಡಲು ನೀವು ಬಳಸಿದ ಎಟುಐ (atoi) ಅದರಲ್ಲಿ ಒಂದೂ ಅಂಕಿ ಕಾಣದೆ 0 ಕೊಟ್ಟಿತು. 0 ಸಾಲು ಮುದ್ರಿಸಿ ಪ್ರೋಗ್ರಾಂ ಮುಗಿಯಿತು.

ಎಟುಐ ತೆಗೆದುಹಾಕಿ. ಅದು ಕೊಡುವ 0, ಬಳಕೆದಾರ ಟೈಪ್ ಮಾಡಿದ 0 ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಬದಲಿಗೆ ಅದೇ ಕೆಲಸದ ಸ್ಟ್ರ್‌ಟೋಲ್ (strtol) ಬಳಸಿ: ಕರೆಯುವ ಮೊದಲು ಎರರ್ ಸಂಖ್ಯೆ ಇರುವ ಎರ್‌ನೋವನ್ನು (errno) 0 ಮಾಡಿ, ಮೊದಲ ಆರ್ಗ್ಯುಮೆಂಟಿಗೆ ಆಪ್ಟ್‌ಆರ್ಗ್, ಎರಡನೆಯದಕ್ಕೆ ಓದು ಎಲ್ಲಿ ನಿಂತಿತೆಂದು ತೋರಿಸುವ ಎಂಡ್ ಪಾಯಿಂಟರಿನ ವಿಳಾಸ, ಮೂರನೆಯದಕ್ಕೆ ದಶಮಾನ ಎನ್ನಲು 10 ಕೊಡಿ. ಎಂಡ್ ಪಾಯಿಂಟರ್ ಆಪ್ಟ್‌ಆರ್ಗ್‌ನಲ್ಲೇ ನಿಂತಿದ್ದರೆ ಅಂಕಿಯೇ ಇರಲಿಲ್ಲ. ಅದು ತೋರಿಸುವ ಅಕ್ಷರ ಸ್ಟ್ರಿಂಗಿನ ಕೊನೆ ಸೂಚಿಸುವ ನಲ್ ಅಲ್ಲದಿದ್ದರೆ ‘10ಕೆಜಿ’ಯಂಥ ಬಾಲ ಉಳಿದಿದೆ. ಎರ್‌ನೋ ಇರೇಂಜ್ (ERANGE) ಆಗಿದ್ದರೆ ಸಂಖ್ಯೆ ಸ್ಟ್ರ್‌ಟೋಲ್ ಕೊಡುವ ‘ಲಾಂಗ್’ ಬಗೆಯಲ್ಲಿ ಹಿಡಿಸಿಲ್ಲ. ಇಷ್ಟಾದಮೇಲೂ 1ಕ್ಕಿಂತ ಕಡಿಮೆಯೇ, ‘ಇಂಟ್’ ಹಿಡಿಸುವ ಅತಿ ದೊಡ್ಡ ಸಂಖ್ಯೆಯಾದ ಇಂಟ್‌ಮ್ಯಾಕ್ಸ್ (INT_MAX) ಮೀರಿದೆಯೇ ಎಂದು ನೋಡಿಯೇ ಇಂಟ್‌ಗೆ ಹಾಕಿ. ಎಲ್ಲಿ ಎಡವಿದರೂ ಎರರ್ ಸಂದೇಶಗಳ ದಾರಿಯಾದ ಎಸ್‌ಟಿಡಿಎರ್‌ಗೆ (stderr) ಪ್ರೋಗ್ರಾಂ ಬಳಸುವ ರೀತಿ ಹೇಳುವ ಸಾಲು ಬರೆದು, 0 ಅಲ್ಲದ ಎಕ್ಸಿಟ್ ಕೋಡ್ ಕೊಟ್ಟು ಹೊರಬನ್ನಿ. ಇಲ್ಲದಿದ್ದರೆ ಶೆಲ್ ಸ್ಕ್ರಿಪ್ಟ್ ಎಲ್ಲ ಸರಿಯಾಯಿತೆಂದೇ ತಿಳಿಯುತ್ತದೆ.

ನಿಮ್ಮ ಕೋಡಿನಲ್ಲಿ ಇನ್ನೊಂದು ಕಂಡಿತು, ಇದು ನಿಜಕ್ಕೂ ಅಪಾಯದ್ದು. ಗೆಟ್‌ಆಪ್ಟ್ ಕೊಡುವುದನ್ನು ಒಂದೇ ಅಕ್ಷರ ಹಿಡಿಸುವ ‘ಚಾರ್’ (char) ಬಗೆಯಲ್ಲಿ ಇಟ್ಟುಕೊಂಡಿದ್ದೀರಿ. ಆಪ್ಶನ್ ಮುಗಿದಾಗ ಬರುವುದು -1. ಇಂಟೆಲ್ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ರಾಸ್‌ಬೆರಿ ಪೈನ ಲಿನಕ್ಸಿನಲ್ಲಿ ಚಾರ್‌ಗೆ ಋಣ ಚಿಹ್ನೆ ಇಲ್ಲ, -1 ಹೋಗಿ 255 ಆಗುತ್ತದೆ, ಲೂಪ್ ನಿಲ್ಲುವುದೇ ಇಲ್ಲ. ‘ಇಂಟ್’ ಮಾಡಿ.

‘-ಎನ್’ ಕೊನೆಯಲ್ಲಿ ಒಂಟಿಯಾಗಿ ಬಂದರೆ? ಆಪ್ಶನ್ ಸ್ಟ್ರಿಂಗಿನ ಮೊದಲ ಅಕ್ಷರವಾಗಿ ಒಂದು ಕೋಲನ್ ಇಡಿ. ಆಗ ಗೆಟ್‌ಆಪ್ಟ್‌ನಿಂದ ವ್ಯಾಲ್ಯೂ ಇಲ್ಲದಿದ್ದಕ್ಕೆ ಕೋಲನ್, ಗೊತ್ತಿಲ್ಲದ ಆಪ್ಶನ್‌ಗೆ ಪ್ರಶ್ನೆ ಚಿಹ್ನೆ ಬರುತ್ತದೆ. ಯಾವ ಆಪ್ಶನ್ ಅಕ್ಷರ ಎಂಬುದು ಆಪ್ಟ್‌ಆಪ್ಟ್ (optopt) ಎಂಬ ವೇರಿಯಬಲ್‌ನಲ್ಲಿರುತ್ತದೆ, ಸಂದೇಶ ಕನ್ನಡದಲ್ಲೇ ಬರೆಯಬಹುದು.

ಫೈಲ್ ಹೆಸರುಗಳನ್ನು ಲೂಪ್ ಮುಗಿದ ಮೇಲೆ ಆರ್ಗ್‌ವಿಯಲ್ಲಿ ಆಪ್ಶನ್ ಮುಗಿದ ನಂತರದ ಜಾಗ ಹೇಳುವ ಆಪ್ಟ್‌ಇಂಡ್‌ನಿಂದ (optind), ಒಟ್ಟು ಎಣಿಕೆಯಾದ ಆರ್ಗ್‌ಸಿಗೆ (argc) ಒಂದು ಕಡಿಮೆಯ ಜಾಗದ ತನಕ ಓದಿ. ಹೆಸರೇ ಅಡ್ಡಗೆರೆಯಿಂದ ಶುರುವಾಗುವ ಫೈಲಿದ್ದರೆ ಅದಕ್ಕೆ ಮೊದಲು ‘--’ ಟೈಪ್ ಮಾಡಿದರೆ ಸಾಕು.