ಹ್ಯಾಮಕ್ ಕಟ್ಟೋಕೆ ಅಡಿಕೆನಾ, ತೆಂಗಾ?

ತೀರ್ಥಹಳ್ಳಿ ಮನೆ ಹಿತ್ತಲಲ್ಲಿ ಹ್ಯಾಮಕ್ ಕಟ್ಟೋಕೆ ಎರಡು ಅಡಿಕೆ ಸಸಿ ನೆಟ್ಟರೆ ಸಾಕಾ ಅಂತ ಕೇಳಿದ್ದೀರಿ. ಅಡಿಕೆ ಬೇಡ. ಅಡಿಕೆ ಕೊನೆ ಇಳಿಸುವ ಕೊನೆಗೌಡ ಒಂದು ಮರದ ತುದಿಯಲ್ಲಿ ಜೀಕಿ ಪಕ್ಕದ ಮರ ಹಿಡಿಯೋದು ನೋಡಿದ್ದೀರಲ್ಲ, ಅಷ್ಟು ಬಳುಕುವ ಕಾಂಡ ಅದು. ವರ್ಷ ಹೋದಂತೆ ದಪ್ಪ ಆಗುತ್ತೆ ಅಂತ ಕಾಯೋದೂ ದಂಡ. ಹಲಸು, ಮಾವಿನ ಹಾಗೆ ಅಡಿಕೆ, ತೆಂಗಿನ ಕಾಂಡ ವರ್ಷವರ್ಷ ಸುತ್ತಳತೆ ಕಟ್ಟುವುದಿಲ್ಲ, ಎತ್ತರ ಹೋಗುತ್ತೆ ಅಷ್ಟೆ.

ಎಳೆತದ ಲೆಕ್ಕವೂ ಇದೆ. ಹಗ್ಗ ಅಡ್ಡಗೆರೆಗೆ 30 ಡಿಗ್ರಿ ಇಳಿಜಾರಾಗಿದ್ದರೆ ಪ್ರತಿ ಮರದ ಕಡೆಯ ಹಗ್ಗದ ಮೇಲೂ ಮಲಗಿದವರ ಪೂರ್ತಿ ತೂಕದಷ್ಟು ಎಳೆತ. ಬಿಗಿಯಾಗಿ 15 ಡಿಗ್ರಿಗೆ ಕಟ್ಟಿದರೆ ಸುಮಾರು ಎರಡು ಪಟ್ಟು. ಜುಲೈ ಮಳೆಗೆ ಮೆತ್ತಗಾದ ಮಣ್ಣಲ್ಲಿ ಅಡಿಕೆ ಅದನ್ನ ತಡೆಯೋದು ಕಷ್ಟ.

ತಾಳೆ ಜಾತಿಯದೇ ಆದ ಬಗನೆ ಮರ ಗಟ್ಟಿ, ನೋಡೋಕೂ ಚಂದ. ಆದರೆ ಮೇಲಿಂದ ಕೆಳಗೆ ಒಂದೊಂದೇ ಗೊನೆ ಬಿಟ್ಟು, ಕೊನೆಯದು ಮುಗಿದ ಮೇಲೆ ಮರವೇ ಸಾಯುತ್ತೆ.

ಉಳಿದದ್ದು ತೆಂಗು. ಗಿಡ್ಡ ತಳಿ ಬಿಟ್ಟು ಎತ್ತರದ ತಳಿ ಹಾಕಿ, 25 ಅಡಿ ಅಂತರ ಕೊಡಿ. ಹ್ಯಾಮಕ್‌ಗೆ 12–15 ಅಡಿ ಸಾಕು, ಉಳಿದದ್ದಕ್ಕೆ ಹಗ್ಗ ಉದ್ದ ಬಿಡಿ. ತಲೆ ಗೊನೆಯಿಂದ ದೂರವೂ ಇರುತ್ತೆ. ಕಾಯಿ, ಒಣಗರಿ ಕಾಲಕಾಲಕ್ಕೆ ಇಳಿಸಲೇಬೇಕು. ಮೊಳೆ ಮಾತ್ರ ಹೊಡೀಬೇಡಿ, ತೆಂಗಿನ ಗಾಯ ಮುಚ್ಚಿಕೊಳ್ಳಲ್ಲ. ಅಗಲವಾದ ಪಟ್ಟಿ ಸುತ್ತಿ.

ಹತ್ತು ವರ್ಷ ಕಾಯೋ ತಾಳ್ಮೆ ಇಲ್ಲದಿದ್ದರೆ, ಹಿತ್ತಲಲ್ಲಿ ಹಳೇ ಹಲಸು ಇದೆಯಾ ನೋಡಿ. ಇನ್ನೊಂದು ತುದಿಗೆ ಕಾಂಕ್ರೀಟ್ ಹಾಕಿ ಹೂತ ಕಬ್ಬಿಣದ ಕಂಬ ಸಾಕು.